ಹಳಿ ಹಾಸಿದ ಮೇಲೆ: ಮನಿಲಾ ನಗರದ ಲಘು ರೈಲುಮಾರ್ಗ

ಮುಂಬಯಿ, ಚೆನ್ನೈ, ದೆಹಲಿ ನಗರಗಳಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಹಿರಿಯರು ಟ್ರಾಮ್ ಗಾಡಿಯ ನೆನಪನ್ನು ತೆಗೆಯುವುದುಂಟು. ಮುಂಬಯಿಯಲ್ಲಿ 1874ರಲ್ಲಿ ಕುದುರೆಗಳು ಎಳೆಯುವ ಟ್ರಾಮ್ ಮೊದಲಾಯಿತು. 1907ರಲ್ಲಿ ಅದರ ಸ್ಥಾನಕ್ಕೆ ವಿದ್ಯುತ್ ಟ್ರಾಮ್ ಬಂದಿತು. ಅಂದಿನ ಮದರಾಸು ಅದಕ್ಕೂ ಮುಂಚೆ, 1895ರಲ್ಲಿಯೇ, ವಿದ್ಯುತ್ ಟ್ರಾಮನ್ನು ಕಂಡಿತ್ತು. ದೆಹಲಿಯಲ್ಲಿ ಅದು 1908ರಲ್ಲಿ ಓಡತೊಡಗಿತು. ಆದರೆ ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ಇವೆಲ್ಲವೂ ಒಂದೊಂದಾಗಿ ಕಣ್ಮರೆಯಾದವು. 1953ರಲ್ಲಿ ಮದರಾಸಿನ ಟ್ರಾಮ್ ನಿಂತಿತು. 1963ರಲ್ಲಿ ದೆಹಲಿಯದು, 1964ರಲ್ಲಿ ಮುಂಬಯಿಯದು ನಿಂತವು. 1873ರಲ್ಲಿ ಮೊದಲ ಟ್ರಾಮನ್ನು ಓಡಿಸಿದ ಕಲ್ಕತ್ತೆ ಮಾತ್ರ ಇಪ್ಪತ್ತೊಂದನೆಯ ಶತಮಾನದವರೆಗೂ ಅದನ್ನು ಉಳಿಸಿಕೊಂಡು ಬಂದಿತು.

ಮೋಟಾರು ವಾಹನಗಳ ದಟ್ಟಣೆಯಲ್ಲಿ ಟ್ರಾಮ್ ಒಂದು ಅಡಚಣೆ ಎಂಬ ಭಾವನೆ ಆ ಕಾಲದಲ್ಲಿ ಜಗತ್ತಿನಾದ್ಯಂತ ಹಬ್ಬಿತ್ತು. ಹಳಿಗಳನ್ನು ಕಿತ್ತು ರಸ್ತೆಗಳನ್ನು ಅಗಲಗೊಳಿಸಿದರೆ ಸಂಚಾರ ಸುಗಮವಾಗುವುದೆಂದು ನಗರಾಡಳಿತಗಳು ಭಾವಿಸಿದವು. ರಸ್ತೆಗಳು ಅಗಲವಾದವು, ವಾಹನಗಳು ಅದಕ್ಕಿಂತ ಬೇಗನೆ ಹೆಚ್ಚಿದವು. ಆಗ ಹಳಿಯ ಮೇಲಿನ ಗಾಡಿಯ ಕಡೆಗೆ ನಗರಗಳ ದೃಷ್ಟಿ ಮತ್ತೆ ಹೊರಳಿತು. ಹಳೆಯ ಟ್ರಾಮಿನ ಗಾಡಿಯನ್ನು ಸುಧಾರಿಸಿ, ಅದಕ್ಕೆ ಇತರ ವಾಹನಗಳ ಕಾಟವಿಲ್ಲದ ಪ್ರತ್ಯೇಕ ದಾರಿಯನ್ನು ಕೊಟ್ಟು ರೂಪಿಸಿದ ವ್ಯವಸ್ಥೆಗೆ ಲಘು ರೈಲು ಎಂಬ ಹೆಸರು ಬಂದಿತು. 1978ರಲ್ಲಿ ಕೆನಡಾದ ಎಡ್ಮಂಟನ್, 1981ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ನಗರಗಳು ಇಂತಹ ಮಾರ್ಗಗಳನ್ನು ತೆರೆದವು. ಏಷ್ಯಾದ ಬಡ, ಜನನಿಬಿಡ ಮಹಾನಗರವೊಂದು ಅದೇ ದಾರಿಯನ್ನು ಹಿಡಿದಾಗ ಏನಾಯಿತು ಎಂಬುದನ್ನು ತಿಳಿಯಲು ಫಿಲಿಪ್ಪೀನ್ಸ್ ದೇಶದ ರಾಜಧಾನಿ ಮನಿಲಾದ ಕಡೆಗೆ ನೋಡಬೇಕು. ಅಲ್ಲಿನ ಲಘು ರೈಲುಮಾರ್ಗದ ನಾಲ್ಕು ದಶಕಗಳ ಚರಿತ್ರೆಯಲ್ಲಿ ಭಾರತದ ನಗರವಾಸಿಗಳಿಗೆ ಉಪಯುಕ್ತವಾದ ಪಾಠವೊಂದು ಅಡಗಿದೆ.

ಲಘು ಎಂದರೇನು?

ಲಘು ರೈಲು ಎಂಬ ಹೆಸರಿನಲ್ಲಿರುವ ಲಘುತ್ವ ಹಳಿಗೆ ಸಂಬಂಧಿಸಿದ್ದಲ್ಲ. ಮನಿಲಾದ ಮಾರ್ಗದಲ್ಲಿ ಎರಡು ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ಜಗತ್ತಿನ ಅನೇಕ ದೇಶಗಳ ದೊಡ್ಡ ರೈಲುಗಳಿಗೂ ಇರುವುದು ಇದೇ ಅಳತೆ. ಹಗುರವಾಗಿರುವುದು ಗಾಡಿ. ಗಾಡಿ ಹಗುರವಾದಷ್ಟೂ ಅದನ್ನು ಹೊರುವ ಸೇತುವೆಯ ತೊಲೆ ಮತ್ತು ಕಂಬಗಳು ತೆಳುವಾಗಬಹುದು, ವೆಚ್ಚ ತಗ್ಗಬಹುದು. ಇಂತಹ ಗಾಡಿಯು ಇಕ್ಕಟ್ಟಾದ ತಿರುವುಗಳಲ್ಲಿ ಬಳುಕಿ ಸಾಗಬಲ್ಲದು, ದೊಡ್ಡ ರೈಲು ಹತ್ತಲಾರದ ಏರನ್ನು ಹತ್ತಬಲ್ಲದು. ಇದಕ್ಕೆ ಬೇಕಾದ 750 ವೋಲ್ಟಿನ ವಿದ್ಯುತ್ತು ತಲೆಯ ಮೇಲಿನ ತಂತಿಯಿಂದ ದೊರೆಯುತ್ತದೆ. ಕಟ್ಟಡಗಳನ್ನು ಹೆಚ್ಚಾಗಿ ಕೆಡವದೆ, ಇರುವ ರಸ್ತೆಯ ನಡುವೆಯೇ ಕಂಬಗಳನ್ನು ನಿಲ್ಲಿಸಿ ಮಾರ್ಗವನ್ನು ಒಯ್ಯಬಹುದೆಂಬುದು ಇದರ ಮುಖ್ಯ ಅನುಕೂಲ. ಸಾಗಿಸಬಲ್ಲ ಜನರ ಸಂಖ್ಯೆಯಲ್ಲಿ ಇದು ಬಸ್ಸಿಗಿಂತ ಬಹಳ ಮೇಲು, ಪೂರ್ಣ ಪ್ರಮಾಣದ ಮೆಟ್ರೋ ರೈಲಿಗಿಂತ ಕೆಳಗೆ.

ಮನಿಲಾಕ್ಕೂ ಹಳಿಗೂ ಇದ್ದ ನಂಟು ಹೊಸದಲ್ಲ. ಸ್ಪೇನಿನ ಆಳ್ವಿಕೆಯ ಕಾಲದಲ್ಲಿ, 1880ರ ದಶಕದಲ್ಲಿಯೇ, ಅಲ್ಲಿ ಕುದುರೆ ಟ್ರಾಮ್ ಇತ್ತು. ಅಮೆರಿಕದ ಆಳ್ವಿಕೆಯಲ್ಲಿ, 1905ರಲ್ಲಿ, ವಿದ್ಯುತ್ ಟ್ರಾಮ್ ಬಂದಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ನಗರವನ್ನು ಬಿಡಿಸಿಕೊಳ್ಳಲು ನಡೆದ ಕಾಳಗದಲ್ಲಿ ಮನಿಲಾದ ಬಹುಭಾಗ ನೆಲಸಮವಾಯಿತು. ಅದರೊಡನೆ ಟ್ರಾಮೂ ಹಾಳಾಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಅಮೆರಿಕದ ಸೇನೆ ಬಿಟ್ಟುಹೋದ ಜೀಪುಗಳನ್ನೇ ಸ್ಥಳೀಯರು ಹಿಂದಕ್ಕೆ ಉದ್ದವಾಗಿಸಿ, ಎರಡು ಪಕ್ಕಗಳಲ್ಲಿ ಬೆಂಚುಗಳನ್ನಿಟ್ಟು, ಬಣ್ಣ ಬಳಿದು ಬಾಡಿಗೆಗೆ ಓಡಿಸತೊಡಗಿದರು. ಜೀಪ್ನಿ ಎಂದು ಪ್ರಸಿದ್ಧವಾದ ಈ ವಾಹನವೇ ಮುಂದೆ ಜನಸಾಮಾನ್ಯರ ಮುಖ್ಯ ಸಾರಿಗೆಯಾಯಿತು. ಭಾರತದ ಊರುಗಳಲ್ಲಿ ಓಡುವ ಟೆಂಪೋ, ಷೇರ್ ಆಟೋಗಳಂತೆ ಅದೂ ಕೈ ತೋರಿಸಿದಲ್ಲಿ ನಿಲ್ಲುವ, ಅಗ್ಗದ, ಆದರೆ ರಸ್ತೆಯನ್ನು ತುಂಬಿಬಿಡುವ ವಾಹನ.

ಕಟ್ಟಿದ ಬಗೆ

1970ರ ದಶಕದ ಉತ್ತರಾರ್ಧದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಮನಿಲಾದ ಸಾರಿಗೆಯ ಅಧ್ಯಯನವೊಂದು ನಡೆಯಿತು. ರಸ್ತೆಯ ಮಟ್ಟದಲ್ಲಿಯೇ ಲಘು ರೈಲನ್ನು ಓಡಿಸಬಹುದೆಂಬುದು ಅದರ ಸಲಹೆ. ಸರ್ಕಾರ ಈ ಸಲಹೆಯನ್ನು ಪರಿಶೀಲಿಸಿದಾಗ ಒಂದು ತೊಡಕು ಕಂಡುಬಂದಿತು. ಯೋಜಿತ ಮಾರ್ಗದುದ್ದಕ್ಕೂ ಅಡ್ಡರಸ್ತೆಗಳು ತೀರ ಹೆಚ್ಚಾಗಿದ್ದವು. ಪ್ರತಿ ಅಡ್ಡರಸ್ತೆಯಲ್ಲಿಯೂ ರೈಲು ನಿಲ್ಲಬೇಕಾದರೆ ಅದಕ್ಕೂ ಜೀಪ್ನಿಗೂ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಆದುದರಿಂದ ಮಾರ್ಗವನ್ನು ಕಂಬಗಳ ಮೇಲೆ ಎತ್ತರಿಸಲು ನಿರ್ಧರಿಸಲಾಯಿತು. ಅಂದಾಜು ವೆಚ್ಚ 150 ಕೋಟಿ ಪೆಸೊಗಳಿಂದ 200 ಕೋಟಿ ಪೆಸೊಗಳಿಗೆ ಏರಿತು. ಹೀಗೆ ಗಾಡಿ ಟ್ರಾಮಿನ ವಂಶದ್ದು, ದಾರಿ ಮೆಟ್ರೋ ರೈಲಿನದು ಎಂಬಂತಹ ಮಿಶ್ರ ವ್ಯವಸ್ಥೆ ಮನಿಲಾದಲ್ಲಿ ರೂಪುಗೊಂಡಿತು.

1980ರ ಜುಲೈ 12ರಂದು ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಅವರ ಆದೇಶದ ಮೇರೆಗೆ ಲಘು ರೈಲು ಸಾರಿಗೆ ಪ್ರಾಧಿಕಾರ ಸ್ಥಾಪಿತವಾಯಿತು. ಆಗ ಮಹಾನಗರದ ಗವರ್ನರ್ ಆಗಿದ್ದ ಇಮೆಲ್ಡಾ ಮಾರ್ಕೋಸ್ ಅದರ ಅಧ್ಯಕ್ಷೆಯಾದರು. ಬೆಲ್ಜಿಯಂ ಸರ್ಕಾರ 30 ಕೋಟಿ ಪೆಸೊಗಳಷ್ಟು ಬಡ್ಡಿರಹಿತ ಸಾಲವನ್ನು 30 ವರ್ಷಗಳ ಅವಧಿಗೆ ನೀಡಿತು. ಗಾಡಿಗಳನ್ನೂ ವಿದ್ಯುತ್ ಉಪಕರಣಗಳನ್ನೂ ಒದಗಿಸಲು ಒಪ್ಪಿದ ಬೆಲ್ಜಿಯಂನ ಕಂಪೆನಿಗಳ ಕೂಟ ಇನ್ನೂ 70 ಕೋಟಿ ಪೆಸೊಗಳ ಸಾಲವನ್ನು ಒದಗಿಸಿತು. ಪ್ರಯಾಣಿಕರ ಟಿಕೆಟ್ ಹಣದಿಂದಲೇ ಇಪ್ಪತ್ತು ವರ್ಷಗಳೊಳಗೆ ಬಂಡವಾಳ ಹಿಂದಿರುಗುವುದೆಂದು ಅಂದು ನಿರೀಕ್ಷಿಸಲಾಗಿತ್ತು.

1981ರಲ್ಲಿ ನಿರ್ಮಾಣ ಮೊದಲಾಯಿತು. 1984ರ ಡಿಸೆಂಬರ್ 1ರಂದು ದಕ್ಷಿಣದ ಬಕ್ಲಾರಾನ್‌ನಿಂದ ನಗರಮಧ್ಯದ ಸೆಂಟ್ರಲ್ ಟರ್ಮಿನಲ್‌ವರೆಗಿನ ಭಾಗ ಸಂಚಾರಕ್ಕೆ ತೆರೆಯಿತು. 1985ರ ಮೇ 12ರಂದು ಪಾಸಿಗ್ ನದಿಯನ್ನು ದಾಟಿ ಉತ್ತರದ ಮೊನುಮೆಂಟೊವರೆಗೆ ಸಾಗುವ ಭಾಗವೂ ಸಿದ್ಧವಾಯಿತು. ಟಾಫ್ಟ್ ಅವೆನ್ಯೂ ಮತ್ತು ರಿಸಾಲ್ ಅವೆನ್ಯೂ ಎಂಬ ಎರಡು ಹೆದ್ದಾರಿಗಳ ಮೇಲೆ ಸುಮಾರು 15 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಈ ಮಾರ್ಗದಲ್ಲಿ 18 ನಿಲ್ದಾಣಗಳಿದ್ದವು. ಆಗ್ನೇಯ ಏಷ್ಯಾದಲ್ಲಿ ಇಂತಹ ರೈಲುಮಾರ್ಗ ಇದೇ ಮೊದಲನೆಯದು. ಸಿಂಗಪುರದ ಮೆಟ್ರೋ ಬಂದದ್ದು 1987ರಲ್ಲಿ.

ಇಲ್ಲಿ ಒಂದು ಕಾಕತಾಳೀಯ ಸಂಗತಿ ಗಮನಾರ್ಹ. ಮನಿಲಾದ ರೈಲು ಓಡುವುದಕ್ಕೆ ಕೇವಲ 38 ದಿನಗಳ ಮುಂಚೆ, 1984ರ ಅಕ್ಟೋಬರ್ 24ರಂದು, ಭಾರತದ ಮೊದಲ ಮೆಟ್ರೋ ಕಲ್ಕತ್ತೆಯ ಎಸ್ಪ್ಲನೇಡ್ ಮತ್ತು ಭವಾನಿಪುರಗಳ ನಡುವೆ ಆರಂಭವಾಗಿತ್ತು. 1972ರಲ್ಲಿ ಶಂಕುಸ್ಥಾಪನೆಯಾದ ಅದು ನೆಲದಡಿಯಲ್ಲಿ ಸಾಗುವ ದೊಡ್ಡ ರೈಲು. ಆ ಮೊದಲ ದಿನ ತೆರೆದದ್ದು 3.4 ಕಿಲೋಮೀಟರ್. ನೆಲವನ್ನು ಅಗೆಯುವ ಕಷ್ಟವನ್ನು ತಪ್ಪಿಸಿಕೊಂಡ ಮನಿಲಾ ನಾಲ್ಕು ವರ್ಷಗಳಲ್ಲಿ ಸಂಪೂರ್ಣ ಮಾರ್ಗವನ್ನೇ ಮುಗಿಸಿತು. ಕಟ್ಟುವ ವೇಗದಲ್ಲಿ ಲಘು ರೈಲಿಗಿರುವ ಮೇಲುಗೈಯನ್ನು ಈ ಹೋಲಿಕೆ ಸ್ಪಷ್ಟಪಡಿಸುತ್ತದೆ. ಆದರೆ ಬೇಗ ಕಟ್ಟಿದ್ದು ಬಹುಕಾಲ ಬಾಳಬೇಕಾದರೆ ಬೇರೆಯೇ ಗುಣವೊಂದು ಬೇಕಾಗುತ್ತದೆ.

ಒಂದು ಸರಳ ಲೆಕ್ಕ

ಮೊದಲಿಗೆ ಬೆಲ್ಜಿಯಂನಿಂದ ಬಂದ ಬೋಗಿಗಳು 64. ಮೂರು ತುಂಡುಗಳನ್ನು ಕೀಲುಗಳಿಂದ ಜೋಡಿಸಿದಂತಹ ಪ್ರತಿ ಬೋಗಿಯಲ್ಲಿ, ಕುಳಿತವರೂ ನಿಂತವರೂ ಸೇರಿ, 374 ಜನರಿಗೆ ಸ್ಥಳವಿತ್ತು. ಎರಡು ಬೋಗಿಗಳನ್ನು ಕೂಡಿಸಿದರೆ ಒಂದು ರೈಲು. ಅಂದರೆ 748 ಜನ. ಎರಡೂವರೆ ನಿಮಿಷಕ್ಕೊಂದರಂತೆ ಓಡಿಸಿದರೆ ಗಂಟೆಗೆ 24 ರೈಲುಗಳಾಗುತ್ತವೆ. 748ನ್ನು 24ರಿಂದ ಗುಣಿಸಿದಾಗ ದೊರೆಯುವುದು ಹೆಚ್ಚುಕಡಿಮೆ 18,000. ಒಂದು ಗಂಟೆಯಲ್ಲಿ, ಒಂದು ದಿಕ್ಕಿನಲ್ಲಿ, ಈ ಮಾರ್ಗ ಸಾಗಿಸಬಲ್ಲ ಗರಿಷ್ಠ ಜನರ ಸಂಖ್ಯೆ ಇದೇ ಆಗಿತ್ತು.

ಈ ಗುಣಾಕಾರದಲ್ಲಿ ನಗರ ರೈಲಿನ ಇಡೀ ಮರ್ಮವಿದೆ. ಸಾಮರ್ಥ್ಯವೆಂಬುದು ಸೇತುವೆಯಲ್ಲಿ ಇಲ್ಲ, ಹಳಿಯಲ್ಲಿ ಇಲ್ಲ. ಎಷ್ಟು ಬೋಗಿಗಳು, ಎಷ್ಟು ನಿಮಿಷಕ್ಕೊಮ್ಮೆ, ಎಷ್ಟು ನಿಯಮಿತವಾಗಿ ಬರುತ್ತವೆ ಎಂಬುದರಲ್ಲಿ ಇದೆ. ಎರಡೂವರೆ ನಿಮಿಷದ ಅಂತರ ಐದು ನಿಮಿಷವಾದರೆ 18,000 ಎಂಬುದು 9,000ಕ್ಕೆ ಇಳಿಯುತ್ತದೆ. ಆಗ ಮಾರ್ಗದ ಅರ್ಧವನ್ನು ಕೆಡವಿದಂತೆಯೇ ಸರಿ. ಆದರೆ ಕೆಡವಿದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ಕಂಬಗಳು ಇದ್ದಂತೆಯೇ ಇರುತ್ತವೆ, ನಿಲ್ದಾಣಗಳ ಹೆಸರು ಹಲಗೆಗಳು ಬೆಳಗುತ್ತಲೇ ಇರುತ್ತವೆ. ಬದಲಾವಣೆ ಕಾಣುವುದು ಪ್ಲಾಟ್‌ಫಾರಂ ಮೇಲೆ ಕಾದು ನಿಂತವರ ಸಾಲಿನಲ್ಲಿ ಮಾತ್ರ.

ಅಂತರ ಏಕೆ ಹೆಚ್ಚುತ್ತದೆ? ರೈಲುಗಳು ಕೆಟ್ಟು ಡಿಪೊದಲ್ಲಿ ನಿಂತರೆ ಹೆಚ್ಚುತ್ತದೆ. ಹಳಿ ಸವೆದು ವೇಗವನ್ನು ತಗ್ಗಿಸಬೇಕಾಗಿ ಬಂದರೆ, ಸಿಗ್ನಲ್ ಹಳತಾಗಿ ಕೈಕೊಟ್ಟರೆ ಹೆಚ್ಚುತ್ತದೆ. ಈ ಪ್ರತಿಯೊಂದಕ್ಕೂ ಮದ್ದು ಒಂದೇ. ಅದು ನಿತ್ಯದ ಪಾಲನೆ.

ಪಾಲನೆಯ ಕೆಲಸ

ನಗರ ರೈಲಿನ ಪಾಲನೆ ಬಹುಮಟ್ಟಿಗೆ ರಾತ್ರಿಯ ಕೆಲಸ. ಕೊನೆಯ ರೈಲು ಡಿಪೊ ಸೇರಿದ ಮೇಲೆ, ಮರುದಿನದ ಮೊದಲ ರೈಲು ಹೊರಡುವುದರೊಳಗೆ ದೊರೆಯುವ ಕೆಲವೇ ಗಂಟೆಗಳಲ್ಲಿ ಅದು ಮುಗಿಯಬೇಕು. ತಂತಿಯಲ್ಲಿನ ವಿದ್ಯುತ್ತನ್ನು ನಿಲ್ಲಿಸಿ ಕೆಲಸಗಾರರು ಹಳಿಗಿಳಿಯುತ್ತಾರೆ. ಹಳಿಯ ತಲೆ ಎಲ್ಲಿ ಸವೆದಿದೆ, ಬೆಸುಗೆಯಲ್ಲಿ ಬಿರುಕು ಬಿಟ್ಟಿದೆಯೇ, ಹಳಿಯನ್ನು ಹಿಡಿದಿರುವ ಕೊಂಡಿ ಸಡಿಲವಾಗಿದೆಯೇ ಎಂದು ನೋಡುತ್ತಾರೆ. ಅತ್ತ ಡಿಪೊದಲ್ಲಿ ಗಾಡಿಯ ಚಕ್ರಗಳ ಪರೀಕ್ಷೆ ನಡೆಯುತ್ತದೆ. ಬ್ರೇಕಿನ ಎಳೆತಕ್ಕೆ ಸಿಕ್ಕಿ ಅಲ್ಲಲ್ಲಿ ಚಪ್ಪಟೆಯಾದ ಚಕ್ರ ಪ್ರತಿ ಸುತ್ತಿನಲ್ಲಿಯೂ ಹಳಿಗೆ ಸುತ್ತಿಗೆಯ ಪೆಟ್ಟಿನಂತೆ ಬಡಿಯುತ್ತದೆ. ಅಂತಹ ಚಕ್ರವನ್ನು ಕಡೆದು ಮತ್ತೆ ದುಂಡಾಗಿಸಬೇಕು. ಕಡೆಯದೆ ಬಿಟ್ಟರೆ ಆ ಪೆಟ್ಟು ಹಳಿಯನ್ನೂ, ಹಳಿಯ ಮೂಲಕ ಕೆಳಗಿನ ಕಾಂಕ್ರೀಟ್ ತೊಲೆಯನ್ನೂ ಹಣ್ಣುಮಾಡುತ್ತದೆ. ಒಂದು ಭಾಗದ ಉಪೇಕ್ಷೆ ಇನ್ನೊಂದು ಭಾಗದ ರೋಗವಾಗುವುದು ಹೀಗೆ.

ಈ ಕೆಲಸಗಳಿಗೆ ಉದ್ಘಾಟನೆಯ ಸಮಾರಂಭವಿಲ್ಲ. ಒಂದು ವರ್ಷ ಬಿಡಿಭಾಗಗಳನ್ನು ಕೊಳ್ಳದೆ ಹಣ ಉಳಿಸಿದರೆ ಆ ವರ್ಷ ಏನೂ ಆಗುವುದಿಲ್ಲ; ಎರಡನೆಯ ವರ್ಷವೂ ರೈಲು ಓಡೀತು. ಆದುದರಿಂದಲೇ ಹಣದ ಮುಗ್ಗಟ್ಟು ಬಂದಾಗ ಯಾವ ದೇಶದಲ್ಲಿಯಾದರೂ ಮೊದಲು ಕತ್ತರಿ ಬೀಳುವುದು ಪಾಲನೆಯ ವೆಚ್ಚಕ್ಕೆ. ಮನಿಲಾವೂ ಇದಕ್ಕೆ ಹೊರತಾಗಲಿಲ್ಲ.

ದಣಿದ ಮಾರ್ಗ

ಜನರು ಹೊಸ ರೈಲನ್ನು ಮನಸಾರೆ ಸ್ವೀಕರಿಸಿದ್ದರು. ಗಂಟೆಗೆ 18,000 ಜನರ ಮಿತಿಯನ್ನು ಮಾರ್ಗ ಕೆಲವೇ ವರ್ಷಗಳಲ್ಲಿ ಮುಟ್ಟಿತು. ಆದರೆ ದುಡಿಮೆ ಹೆಚ್ಚಿದಷ್ಟು ಆರೈಕೆ ಹೆಚ್ಚಲಿಲ್ಲ. 1990ರ ವೇಳೆಗೆ, ಅಂದರೆ ಪ್ರಾರಂಭವಾಗಿ ಆರು ವರ್ಷಗಳು ತುಂಬುವಷ್ಟರಲ್ಲಿ, ಸೆಂಟ್ರಲ್ ನಿಲ್ದಾಣದ ಬಳಿ ತೊಲೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡವೆಂಬ ವರದಿಗಳು ಬಂದವು. ಅವು ಇನ್ನಷ್ಟು ಹಾಳಾಗದಿರಲೆಂದು ರೈಲುಗಳು ಅಲ್ಲಿ ವೇಗ ತಗ್ಗಿಸಿ ಸಾಗಬೇಕಾಯಿತು. ಅನೇಕ ದಶಕಗಳು ಬಾಳಬೇಕಾಗಿದ್ದ ಮಾರ್ಗಕ್ಕೆ ಬಾಲ್ಯದಲ್ಲಿಯೇ ಮುಪ್ಪು ಬಂದಿತ್ತು.

ಜವಾಬ್ದಾರಿ ಹಂಚಿಹೋಗಿದ್ದುದೂ ಇಲ್ಲಿ ನೆನಪಿಡಬೇಕಾದ ಅಂಶ. ನೀತಿ, ದರ ಮತ್ತು ವಿಸ್ತರಣೆಯ ತೀರ್ಮಾನಗಳು ಸರ್ಕಾರದ ಪ್ರಾಧಿಕಾರದ ಕೈಯಲ್ಲಿದ್ದವು. ರೈಲುಗಳನ್ನು ಓಡಿಸುವ ಮತ್ತು ನೋಡಿಕೊಳ್ಳುವ ಕೆಲಸ ಗುತ್ತಿಗೆ ಪಡೆದ ಕಂಪೆನಿಯೊಂದರದಾಗಿತ್ತು. 2000ದ ಜುಲೈ 25ರಂದು ಆ ಕಂಪೆನಿಯ ನೌಕರರು ಮುಷ್ಕರ ಹೂಡಿದರು. ಆಗಸ್ಟ್ 2ರವರೆಗೆ ಒಂದು ರೈಲೂ ಓಡಲಿಲ್ಲ. ಜುಲೈ 31ಕ್ಕೆ ಮುಗಿದ ಗುತ್ತಿಗೆಯನ್ನು ಪ್ರಾಧಿಕಾರ ಮುಂದುವರಿಸದೆ ಸಂಚಾರದ ಹೊಣೆಯನ್ನು ತಾನೇ ವಹಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 30ರಂದು, ರಾಷ್ಟ್ರವೀರ ಹೋಸೆ ರಿಸಾಲ್ ಅವರ ಪುಣ್ಯತಿಥಿಯ ದಿನ, ಬ್ಲುಮೆಂಟ್ರಿಟ್ ನಿಲ್ದಾಣದಲ್ಲಿ ರೈಲಿನೊಳಗೆ ಬಾಂಬು ಸಿಡಿಯಿತು. ಅಂದು ನಗರದ ಹಲವೆಡೆ ನಡೆದ ಸ್ಫೋಟಗಳಲ್ಲಿ 22 ಜನರು ಪ್ರಾಣ ಕಳೆದುಕೊಂಡರು. ಸಾವಿರಾರು ಜನರು ಒಂದೇ ಬಾಗಿಲಿನಿಂದ ಹೋಗಿಬರುವ ಸ್ಥಳದಲ್ಲಿ ಭದ್ರತೆಯೂ ಸಂಚಾರ ವ್ಯವಸ್ಥೆಯ ಭಾಗವೇ ಎಂಬುದನ್ನು ಆ ದುರಂತ ತೋರಿಸಿತು.

ಚೇತರಿಕೆ

ಆದರೂ ಮನಿಲಾದ ಕಥೆ ಸೋಲಿನ ಕಥೆಯಲ್ಲ. 1990ರ ದಶಕದ ಕೊನೆಯಲ್ಲಿ ದುರಸ್ತಿ ಮತ್ತು ವಿಸ್ತರಣೆಯ ಕಾರ್ಯಕ್ರಮ ಆರಂಭವಾಯಿತು. ನಿಲ್ದಾಣಗಳ ಪ್ಲಾಟ್‌ಫಾರಂ ಎರಡು ಬೋಗಿಗಳಿಗೆ ಬೇಕಾದುದಕ್ಕಿಂತ ಉದ್ದವಾಗಿದ್ದುದು ಈ ಹಂತದಲ್ಲಿ ವರವಾಯಿತು. ಹಳೆಯ ರೈಲುಗಳಿಗೆ ಮೂರನೆಯ ಬೋಗಿಯನ್ನು ಸೇರಿಸಲಾಯಿತು. ಬೋಗಿಗಳಿಗೆ ಹವಾನಿಯಂತ್ರಣವನ್ನೂ ಅಳವಡಿಸಲಾಯಿತು. 374ನ್ನು ಮೂರರಿಂದ, ಮತ್ತೆ 24ರಿಂದ ಗುಣಿಸಿದರೆ ದೊರೆಯುವುದು ಸುಮಾರು 27,000. ಹೊಸದಾಗಿ ಒಂದು ಕಂಬವನ್ನೂ ನೆಡದೆ ಮಾರ್ಗದ ಶಕ್ತಿ ಒಂದೂವರೆ ಪಟ್ಟಾಯಿತು. 1999ರಲ್ಲಿ ನಾಲ್ಕು ಬೋಗಿಗಳ 7 ಹೊಸ ರೈಲುಗಳೂ, 2006-07ರ ಅವಧಿಯಲ್ಲಿ ಜಪಾನಿನಿಂದ ಅಂತಹವೇ 12 ರೈಲುಗಳೂ ಬಂದು ಸೇರಿದವು. ಗಂಟೆಗೆ 40,000 ಜನರನ್ನು ಸಾಗಿಸುವುದು ಈ ಎರಡನೆಯ ಹಂತದ ಗುರಿಯಾಗಿತ್ತು. ಮೊದಲು ನಾಣ್ಯದಂತಹ ಟೋಕನ್‌ಗಳಿದ್ದವು. 2001ರಲ್ಲಿ ಕಾಂತಪಟ್ಟಿಯ ಟಿಕೆಟ್ಟುಗಳು, 2015ರಲ್ಲಿ ಮುಟ್ಟಿಸಿದರೆ ಸಾಕಾಗುವ ಕಾರ್ಡುಗಳು ಬಂದವು.

ಉತ್ತರದಲ್ಲಿ ಮಾರ್ಗವು 2010ರಲ್ಲಿ ಬಾಲಿಂತವಾಕ್ ಮತ್ತು ರೂಸ್‌ವೆಲ್ಟ್ ನಿಲ್ದಾಣಗಳವರೆಗೆ ವಿಸ್ತರಿಸಿತು. 2015ರ ಜನವರಿಯಲ್ಲಿ ಪ್ರಯಾಣದರ ಪರಿಷ್ಕರಣೆಗೊಂಡಿತು; ಮೂಲದರ 11 ಪೆಸೊ, ಅದರ ಮೇಲೆ ಕಿಲೋಮೀಟರಿಗೆ 1 ಪೆಸೊ ಎಂದು ಗೊತ್ತುಮಾಡಲಾಯಿತು. ಬಹುಕಾಲ ಮುಟ್ಟದೆ ಇಟ್ಟಿದ್ದ ದರವನ್ನು ಒಮ್ಮೆಲೇ ಏರಿಸಿದಾಗ ಜನರಿಂದ ವಿರೋಧ ಬಂದದ್ದು ಸಹಜವೇ. ಟಿಕೆಟ್ ಅಗ್ಗವಾಗಿರಬೇಕೆಂಬುದು ನ್ಯಾಯವಾದ ಬೇಡಿಕೆ. ಆದರೆ ಅಗ್ಗದ ಟಿಕೆಟ್ಟಿಗೂ ನಿಜವಾದ ವೆಚ್ಚಕ್ಕೂ ನಡುವಿನ ಅಂತರವನ್ನು ಬೊಕ್ಕಸ ತುಂಬಿಕೊಡಬೇಕು. ಯಾರೂ ತುಂಬಿಕೊಡದಿದ್ದರೆ ಆ ಅಂತರವನ್ನು ಹಳಿ ಮತ್ತು ಚಕ್ರಗಳು ತಮ್ಮ ಸವೆತದಿಂದ ತುಂಬಿಕೊಡುತ್ತವೆ.

2015ರ ಸೆಪ್ಟೆಂಬರಿನಲ್ಲಿ ಸಂಚಾರ ಮತ್ತು ಪಾಲನೆಯ ಹೊಣೆಯನ್ನು ದೀರ್ಘಾವಧಿ ಒಪ್ಪಂದದ ಮೇಲೆ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಲಾಯಿತು. ಒಪ್ಪಂದದ ಅವಧಿ 32 ವರ್ಷಗಳು. ಮಾರ್ಗವನ್ನು ಓಡಿಸುವವರೇ ಅದನ್ನು ದಶಕಗಳ ಕಾಲ ನೋಡಿಕೊಳ್ಳಬೇಕು ಎಂಬ ಏರ್ಪಾಡು ಇದರಲ್ಲಿದೆ. ಇಂದಿನ ಉಪೇಕ್ಷೆಯ ಫಲವನ್ನು ನಾಳೆ ಅವರೇ ಉಣ್ಣಬೇಕಾಗುತ್ತದೆ. 2023ರ ಜುಲೈನಲ್ಲಿ ಸ್ಪೇನಿನಲ್ಲಿ ತಯಾರಾದ ಹೊಸ ತಲೆಮಾರಿನ ರೈಲುಗಳು ಸೇವೆಗೆ ಬರತೊಡಗಿದವು. 2024ರ ನವೆಂಬರ್ 16ರಂದು ದಕ್ಷಿಣದಲ್ಲಿ ಐದು ಹೊಸ ನಿಲ್ದಾಣಗಳು ತೆರೆದವು. 15 ಕಿಲೋಮೀಟರುಗಳಿಂದ ಮೊದಲಾದ ಮಾರ್ಗ ಹೀಗೆ 25 ನಿಲ್ದಾಣಗಳನ್ನು ಪೋಣಿಸುವ ದೀರ್ಘ ಮಾರ್ಗವಾಯಿತು.

ತಂಗಿಯ ಮಾರ್ಗ ಹೇಳಿದ ಪಾಠ

ಅಕ್ಕನ ಅನುಭವವನ್ನು ತಂಗಿ ಕಲಿಯಲಿಲ್ಲ ಎಂಬಂತೆ, ಇದೇ ನಗರದ ಇನ್ನೊಂದು ಲಘು ರೈಲುಮಾರ್ಗ ಅದೇ ಸಂಕಟವನ್ನು ಇನ್ನೂ ಕಠಿಣವಾಗಿ ಅನುಭವಿಸಿತು. ಎಡ್ಸಾ ಎಂಬ ವರ್ತುಲ ರಸ್ತೆಯ ಉದ್ದಕ್ಕೆ ಸಾಗುವ ಮೂರನೆಯ ಮಾರ್ಗ 1999ರ ಡಿಸೆಂಬರಿನಲ್ಲಿ ತೆರೆಯಿತು. ಉದ್ದ ಸುಮಾರು 17 ಕಿಲೋಮೀಟರ್, ನಿಲ್ದಾಣಗಳು 13. ಗಾಡಿಗಳು ಚೆಕ್ ಗಣರಾಜ್ಯದಲ್ಲಿ ತಯಾರಾದವು. ದಿನಕ್ಕೆ ಮೂರೂವರೆ ಲಕ್ಷ ಜನರಿಗೆಂದು ಯೋಜಿಸಿದ ಮಾರ್ಗದಲ್ಲಿ ಮುಂದೆ ಐದು ಲಕ್ಷವನ್ನು ಮೀರಿ ಜನರು ಪಯಣಿಸಿದ ದಿನಗಳಿದ್ದವು.

2012ರವರೆಗೆ ಜಪಾನಿನ ತಂಡವೊಂದು ಇದರ ಪಾಲನೆ ಮಾಡುತ್ತಿತ್ತು. ಆ ಬಳಿಕ ಗುತ್ತಿಗೆ ಕೈಯಿಂದ ಕೈಗೆ ಬದಲಾಯಿತು. 2014ರ ಆಗಸ್ಟ್ 13ರಂದು ರೈಲೊಂದು ಕೊನೆಯ ನಿಲ್ದಾಣದಲ್ಲಿ ನಿಲ್ಲದೆ ತಡೆಗೋಡೆಯನ್ನು ಒಡೆದು ರಸ್ತೆಯ ಮೇಲಕ್ಕೆ ನುಗ್ಗಿತು, ಹಲವರು ಗಾಯಗೊಂಡರು. 2017ರ ನವೆಂಬರ್ 16ರಂದು ಓಡುತ್ತಿದ್ದ ರೈಲಿನಿಂದ ಒಂದು ಬೋಗಿ ಕಳಚಿ ಹಿಂದೆ ಉಳಿಯಿತು. ನೂರಕ್ಕೂ ಹೆಚ್ಚು ಪ್ರಯಾಣಿಕರು ಹಳಿಗಳ ಮೇಲೆ ನಡೆದು ನಿಲ್ದಾಣ ಸೇರಬೇಕಾಯಿತು. ಹಳಿಗಳ ದುಃಸ್ಥಿತಿಯಿಂದಾಗಿ ವೇಗವನ್ನು ಗಂಟೆಗೆ 30 ಕಿಲೋಮೀಟರಿಗೆ ಇಳಿಸಲಾಯಿತು. ಬೆಳಗಿನ ಹೊತ್ತಿನಲ್ಲಿ ನಿಲ್ದಾಣದ ಮೆಟ್ಟಿಲಿಳಿದು ರಸ್ತೆಯ ಅಂಚಿನವರೆಗೂ ಹಬ್ಬಿದ ಸರದಿಯ ಸಾಲು ಮನಿಲಾದ ನಿತ್ಯದ ದೃಶ್ಯವಾಯಿತು. ಕಚೇರಿಗೆ, ಕಾರ್ಖಾನೆಗೆ, ಶಾಲೆಗೆ ಹೋಗುವವರು ಪ್ರತಿದಿನ ಆ ಸಾಲಿನಲ್ಲಿ ಕಳೆದ ಸಮಯವನ್ನು ಯಾವ ಆಯವ್ಯಯದ ಪತ್ರದಲ್ಲಿಯೂ ಬರೆದಿಡುವುದಿಲ್ಲ. ಆದರೆ ಪಾಲನೆಗೆ ತೆಗೆದಿಡದ ಹಣವನ್ನು ಕಡೆಗೆ ತೆತ್ತವರು ಅವರೇ.

2019ರ ಮೇ ತಿಂಗಳಲ್ಲಿ ಮೊದಲಿನ ಜಪಾನಿ ತಂಡವೇ, ಜಪಾನ್ ಸರ್ಕಾರದ ಸಾಲದ ನೆರವಿನೊಡನೆ, ಹಿಂದಿರುಗಿತು. ಹಳಿಗಳೆಲ್ಲವನ್ನೂ ಬದಲಿಸಲಾಯಿತು. 72 ಬೋಗಿಗಳನ್ನು ಒಂದೊಂದಾಗಿ ಬಿಚ್ಚಿ ಸರಿಪಡಿಸಲಾಯಿತು. 2020ರ ಡಿಸೆಂಬರಿನಲ್ಲಿ ರೈಲುಗಳ ವೇಗ ಗಂಟೆಗೆ 60 ಕಿಲೋಮೀಟರಿಗೆ ಮರಳಿತು. 2022ರ ಮಾರ್ಚಿನಲ್ಲಿ ಕೆಲಸ ಪೂರ್ಣಗೊಂಡಿತು. ಅವೇ ಕಂಬಗಳು, ಅವೇ ನಿಲ್ದಾಣಗಳು, ಬಹುಮಟ್ಟಿಗೆ ಅವೇ ಗಾಡಿಗಳು. ವೇಗ ಮಾತ್ರ ಇಮ್ಮಡಿ. ಕೆಟ್ಟಿದ್ದು ಮಾರ್ಗವಲ್ಲ, ಅದರ ಪಾಲನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಭಾರತದ ನಗರಗಳಿಗೆ

ಲಘು ರೈಲಿನ ವಿಚಾರ ಕರ್ನಾಟಕಕ್ಕೂ ಅಪರಿಚಿತವಲ್ಲ. 1990ರ ದಶಕದಲ್ಲಿ ಬೆಂಗಳೂರಿಗೆ ಎತ್ತರಿಸಿದ ಲಘು ರೈಲುಮಾರ್ಗವೊಂದನ್ನು ಯೋಜಿಸಲಾಗಿತ್ತು. ಅದು ಕಾಗದದಿಂದ ನೆಲಕ್ಕೆ ಇಳಿಯಲಿಲ್ಲ. ಬಳಿಕ ಪೂರ್ಣ ಪ್ರಮಾಣದ ಮೆಟ್ರೋ ಯೋಜನೆಯನ್ನು ಕೈಗೊಂಡು, 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮಾ ಗಾಂಧಿ ರಸ್ತೆಗಳ ನಡುವೆ ಮೊದಲ ರೈಲನ್ನು ಓಡಿಸಲಾಯಿತು. ದೆಹಲಿಯಲ್ಲಿ 2002ರಲ್ಲಿಯೂ, ಮುಂಬಯಿಯಲ್ಲಿ 2014ರಲ್ಲಿಯೂ, ಚೆನ್ನೈಯಲ್ಲಿ 2015ರಲ್ಲಿಯೂ, ಹೈದರಾಬಾದಿನಲ್ಲಿ 2017ರಲ್ಲಿಯೂ, ಪುಣೆಯಲ್ಲಿ 2022ರಲ್ಲಿಯೂ ಮೆಟ್ರೋ ಸಂಚಾರ ಮೊದಲಾಯಿತು. ಅಷ್ಟು ದಟ್ಟಣೆಯಿಲ್ಲದ ನಗರಗಳಿಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೋ ಲೈಟ್ ಎಂಬ ಲಘು ರೈಲಿನ ಮಾನದಂಡಗಳನ್ನು ಪ್ರಕಟಿಸಿತು. ದಟ್ಟಣೆಯ ಗಂಟೆಯಲ್ಲಿ ಒಂದು ದಿಕ್ಕಿಗೆ 15,000 ಜನರವರೆಗೆ ಪ್ರಯಾಣಿಸುವ ಮಾರ್ಗಗಳಿಗೆ ಇದು ತಕ್ಕುದೆಂದು ಪರಿಗಣಿಸಲಾಗಿದೆ.

ಈ ಸಂದರ್ಭದಲ್ಲಿ ಮನಿಲಾದ ಅನುಭವದಿಂದ ಮೂರು ಮಾತುಗಳನ್ನು ಆಯ್ದುಕೊಳ್ಳಬಹುದು. ಮೊದಲನೆಯದು, ಇಂದಿನ ಅಗತ್ಯಕ್ಕೆ ತಕ್ಕಷ್ಟು ಗಾಡಿಗಳನ್ನು ಕೊಂಡರೂ ನಾಳೆಯ ಬೋಗಿಗೆ ಪ್ಲಾಟ್‌ಫಾರಂನಲ್ಲಿ ಸ್ಥಳ ಉಳಿಸಬೇಕು. ಮನಿಲಾದ ಮೊದಲ ಮಾರ್ಗವನ್ನು ಉಳಿಸಿದ ದೂರದೃಷ್ಟಿ ಅದೇ. ಎರಡನೆಯದು, ಓಡಿಸುವವರು ಮತ್ತು ಕಾಯುವವರು ಒಬ್ಬರೇ ಆಗಿರಲಿ, ಇಬ್ಬರಾಗಿರಲಿ, ಪಾಲನೆಯ ಹೊಣೆ ಯಾರದು ಎಂಬ ಪ್ರಶ್ನೆಗೆ ಯಾವ ದಿನವೂ ಉತ್ತರವಿಲ್ಲದಂತಾಗಬಾರದು. ಮೂರನೆಯದು, ಪಾಲನೆಗೆ ಬೇಕಾದ ಹಣವನ್ನು ಕಟ್ಟುವ ವೆಚ್ಚದೊಡನೆ ಮೊದಲ ದಿನವೇ ಲೆಕ್ಕ ಹಾಕಿ ತೆಗೆದಿಡಬೇಕು.

ಕರ್ನಾಟಕದ ಊರುಗಳಲ್ಲಿ ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನದ ಕಲ್ಲಿನ ಮೇಲೆ ಇರುತ್ತದೆ. ಆದರೆ ಆ ಕೆರೆ ನೂರಾರು ವರ್ಷ ನೀರು ಹಿಡಿದು ನಿಂತದ್ದು ಪ್ರತಿವರ್ಷ ಹೂಳೆತ್ತಿ, ಏರಿಯ ಬಿರುಕಿಗೆ ಮಣ್ಣು ಮೆತ್ತಿ, ತೂಬನ್ನು ಕಾದುಕೊಂಡ ಹೆಸರಿಲ್ಲದ ಊರವರಿಂದ. ಹೂಳೆತ್ತುವುದನ್ನು ಬಿಟ್ಟ ಕೆರೆಯಲ್ಲಿ ಶಾಸನ ಉಳಿಯಿತು, ನೀರು ಉಳಿಯಲಿಲ್ಲ. ನಗರದ ರೈಲುಮಾರ್ಗವೂ ಅಂತಹದೇ ಸಾರ್ವಜನಿಕ ಸೊತ್ತು. ಬೆಳಗಿನ ಮೊದಲ ರೈಲು ಹೇಳಿದ ನಿಮಿಷಕ್ಕೆ ಸರಿಯಾಗಿ ಬಂದು ನಿಂತಾಗ, ಅದರ ಹಿಂದೆ ರಾತ್ರಿಯಿಡೀ ದುಡಿದ ಕೈಗಳಿರುತ್ತವೆ. ಆ ಕೈಗಳಿಗೆ ಬೇಕಾದುದನ್ನು ವರ್ಷವೂ ಬಿಡದೆ ಒದಗಿಸುವ ನಗರದಲ್ಲಿ ಮಾತ್ರ ಹಾಸಿದ ಹಳಿ ಜನರನ್ನು ಮುಟ್ಟಬೇಕಾದಲ್ಲಿಗೆ ಮುಟ್ಟಿಸುತ್ತದೆ.